ಒಂದು ಸ್ಕ್ಯಾನಿನ ನಿಜವಾದ ಬೆಲೆ ಎಷ್ಟು?

ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಹತ್ತು ನಿಮಿಷ ನಿಂತು ನೋಡಿದರೆ ಸಾಕು, ಕೈಯಲ್ಲಿ ದೊಡ್ಡ ಲಕೋಟೆ ಹಿಡಿದ ನಾಲ್ಕಾರು ಮಂದಿಯಾದರೂ ಕಣ್ಣಿಗೆ ಬೀಳುತ್ತಾರೆ. ಮಡಚಬಾರದು, ಒದ್ದೆಯಾಗಬಾರದು ಎಂದು ಎದೆಗವಚಿಕೊಂಡ ಆ ಲಕೋಟೆಯೊಳಗೆ ಇರುವುದು ಎಕ್ಸ್‌ರೇ ಅಥವಾ ಸ್ಕ್ಯಾನಿನ ಫಿಲ್ಮು. ಲಿಂಗಸುಗೂರಿನಿಂದ ಮಸ್ಕಿ, ಮಸ್ಕಿಯಿಂದ ಸಿಂಧನೂರು ಒಂದೇ ಹೆದ್ದಾರಿಯ ಮೇಲಿನ ಊರುಗಳು. ಆ ದಾರಿಯ ಬಸ್ಸುಗಳಲ್ಲಿ ಭತ್ತದ ಬೀಜದ ಚೀಲದಷ್ಟೇ ಸಾಮಾನ್ಯವಾದ ಸರಕು ಈ ಲಕೋಟೆ.

ಒಂದು ಮಂಗಳವಾರ ಹೀಗೆಯೇ ತಾಯಿ–ಮಗಳು ಮಸ್ಕಿಯ ಬಸ್ಸಿಗೆ ಕಾಯುತ್ತ ಕೂತಿದ್ದಾರೆ ಎಂದುಕೊಳ್ಳಿ. ತಾಯಿಗೆ ಬಹಳ ದಿನಗಳಿಂದ ಬಿಡದ ತಲೆನೋವು. ತಲೆಯ ಸಿ.ಟಿ. ಸ್ಕ್ಯಾನ್ ಆಗಿದೆ. ಮಗಳು ಒಂಬತ್ತನೇ ತರಗತಿ, ಶಾಲೆಯ ಸಮವಸ್ತ್ರದಲ್ಲೇ ಬಂದಿದ್ದಾಳೆ. ರಸೀದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳುತ್ತಾಳೆ:

“ಒಂದ್ ಫೋಟೋ ತೆಗದದ್ದಕ್ಕ ಎರಡೂವರೆ ಸಾವಿರ ಯಾಕಬೇ ಯವ್ವಾ?”

“ನನಗೇನ್ ಗೊತ್ತವ್ವಾ? ಅವರು ಕೇಳಿದ್ರು, ನಾ ಕೊಟ್ಟೆ. ನೀ ಶಾಣ್ಯಾಕಿ ಅದಿಯಲ್ಲ, ನೀನ ಲೆಕ್ಕ ಹಾಕು.”

ಲೆಕ್ಕ ಹಾಕಲು ಒಂಬತ್ತನೇ ತರಗತಿಯ ಗಣಿತವೇ ಸಾಕು. ಜೊತೆಗೆ ಸ್ವಲ್ಪ ಭೌತವಿಜ್ಞಾನ ಬೇಕು. ಎರಡನ್ನೂ ಹಿಡಿದುಕೊಂಡು ಆ ಹುಡುಗಿಯ ಪ್ರಶ್ನೆಗೆ ಉತ್ತರ ಹುಡುಕೋಣ.

ಹುಲ್ಲಿನ ಬಣವೆಯಿಂದ ಹಾರಿದ ಹುಡುಗ

1895ರ ನವೆಂಬರ್ 8ರಂದು ಜರ್ಮನಿಯ ವೂರ್ತ್ಸ್‌ಬುರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಕ್ಷ-ಕಿರಣವನ್ನು ಕಂಡುಹಿಡಿದ. ಅದೇ ಡಿಸೆಂಬರಿನಲ್ಲಿ ಹೆಂಡತಿಯ ಕೈಯ ಚಿತ್ರ ತೆಗೆದಾಗ ಮೂಳೆಗಳೂ ಬೆರಳಿನ ಉಂಗುರವೂ ಕಂಡವು. 1901ರಲ್ಲಿ ಭೌತವಿಜ್ಞಾನದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ ಸಂದದ್ದು ಅವನಿಗೇ. ತನ್ನ ಶೋಧಕ್ಕೆ ಅವನು ಪೇಟೆಂಟ್ ಪಡೆಯಲಿಲ್ಲ. ಅಂದರೆ ಕ್ಷ-ಕಿರಣದ ಜ್ಞಾನ ಜಗತ್ತಿಗೆ ಪುಕ್ಕಟೆಯಾಗಿಯೇ ದೊರೆಯಿತು.

ಸಿ.ಟಿ. ಸ್ಕ್ಯಾನಿನ ಕಥೆ ರೈತರ ಮಕ್ಕಳು ಓದಬೇಕಾದದ್ದು. ಅದನ್ನು ರೂಪಿಸಿದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಇಂಗ್ಲೆಂಡಿನ ಒಬ್ಬ ರೈತನ ಮಗ. ಬಾಲ್ಯದಲ್ಲಿ ಹೊಲದ ಯಂತ್ರಗಳನ್ನು ಕೆದಕುತ್ತ, ಮನೆಯಲ್ಲೇ ಕಟ್ಟಿದ ರೆಕ್ಕೆ ಹಿಡಿದು ಹುಲ್ಲಿನ ಬಣವೆಯ ಮೇಲಿಂದ ಹಾರುತ್ತ ಬೆಳೆದವನು. ವಿಶ್ವವಿದ್ಯಾಲಯದ ಪದವಿ ಅವನಿಗೆ ಇರಲಿಲ್ಲ. ದೇಹದ ಸುತ್ತ ಎಲ್ಲ ದಿಕ್ಕಿನಿಂದಲೂ ಕ್ಷ-ಕಿರಣ ಹಾಯಿಸಿ, ಪ್ರತಿ ದಿಕ್ಕಿನಲ್ಲಿ ಎಷ್ಟು ಕಿರಣ ಒಳಗೇ ಉಳಿಯಿತು ಎಂಬುದನ್ನು ಗಣಕಯಂತ್ರಕ್ಕೆ ಕೊಟ್ಟರೆ ಒಳಗಿನ ಚಿತ್ರವನ್ನು ಲೆಕ್ಕ ಮಾಡಿ ತೆಗೆಯಬಹುದು ಎಂಬುದು ಅವನ ಉಪಾಯ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ನಡೆಯಿತು. 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ಹೌನ್ಸ್‌ಫೀಲ್ಡ್‌ಗೂ ನೊಬೆಲ್ ಬಂತು.

ಆದ್ದರಿಂದ ಸಿ.ಟಿ. ಎಂದರೆ ಬರೀ ಫೋಟೋ ಅಲ್ಲ, ಅದೊಂದು ದೊಡ್ಡ ಲೆಕ್ಕ. ಹುಡುಗಿಯ ಪ್ರಶ್ನೆಯಲ್ಲಿದ್ದ ಸಣ್ಣ ತಪ್ಪು ಇಷ್ಟೇ.

ಚಿತ್ರಕ್ಕೆ ಒಂದು ರೂಪಾಯಿ

ಈಗ ವಿದ್ಯುತ್ತಿನ ಖರ್ಚು ನೋಡಿ. ಐದು ಅಶ್ವಶಕ್ತಿಯ ಪಂಪ್‌ಸೆಟ್ಟು ಎಳೆಯುವುದು ಸುಮಾರು 3.7 ಕಿಲೋವ್ಯಾಟ್. ಸಿ.ಟಿ. ಯಂತ್ರದ ಕ್ಷ-ಕಿರಣ ಕೊಳವೆ ಚಿತ್ರ ತೆಗೆಯುವ ಕೆಲವೇ ಸೆಕೆಂಡುಗಳಲ್ಲಿ 45 ಕಿಲೋವ್ಯಾಟ್‌ನಷ್ಟು ಎಳೆಯಬಲ್ಲದು. ಅಂದರೆ ಹನ್ನೆರಡು ಪಂಪ್‌ಸೆಟ್ಟು ಒಮ್ಮೆಲೇ ಚಾಲೂ ಆದ ಹಾಗೆ! ಇದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಬರೀ ಶಾಖವಾಗಿ ಹೋಗುತ್ತದೆ. ಕ್ಷ-ಕಿರಣವಾಗುವುದು ಸುಮಾರು ಒಂದು ಪಾಲು ಮಾತ್ರ. ಕೊಳವೆಯೊಳಗೆ ಟಂಗ್‌ಸ್ಟನ್ ಲೋಹವನ್ನು ಬಳಸುವುದು ಇದೇ ಕಾರಣಕ್ಕೆ. ಅದು ಕರಗುವುದು 3,400 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ.

ಆದರೆ ಸಾಮರ್ಥ್ಯ ಬೇರೆ, ಶಕ್ತಿ ಬೇರೆ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. 45 ಕಿಲೋವ್ಯಾಟನ್ನು 10 ಸೆಕೆಂಡಿನಿಂದ ಗುಣಿಸಿದರೆ 450 ಕಿಲೋಜೌಲ್. ಒಂದು ಯೂನಿಟ್ ವಿದ್ಯುತ್ ಎಂದರೆ 3,600 ಕಿಲೋಜೌಲ್. ಭಾಗಿಸಿದರೆ ಒಂದು ಯೂನಿಟ್ಟಿನ ಎಂಟನೇ ಒಂದು ಭಾಗ! ಹೆಚ್ಚೆಂದರೆ ಒಂದೆರಡು ರೂಪಾಯಿಯ ವಿದ್ಯುತ್ತು.

ಹಾಗಾದರೆ ಚಿತ್ರ ತೆಗೆಯುವ ಕ್ರಿಯೆಗೆ ಒಂದೆರಡು ರೂಪಾಯಿ, ರಸೀದಿಯಲ್ಲಿ 2,500 ರೂಪಾಯಿ. ಉಳಿದದ್ದೆಲ್ಲ ಲಾಭವೇ? ಅವಸರದ ತೀರ್ಮಾನ ಬೇಡ.

ನಿಂತಾಗಲೂ ಉಣ್ಣುವ ಯಂತ್ರ

ಖರ್ಚಿನಲ್ಲಿ ಎರಡು ಬಗೆ. ರೋಗಿ ಬಂದರೆ ಮಾತ್ರ ಆಗುವುದು ಒಂದು. ಫಿಲ್ಮು, ಲಕೋಟೆ, ವರದಿ ಬರೆಯುವ ತಜ್ಞರಿಗೆ ಕೊಡುವ ಸಂಭಾವನೆ ಇತ್ಯಾದಿ. ಇನ್ನೊಂದು, ರೋಗಿ ಬರಲಿ ಬಿಡಲಿ ಆಗಿಯೇ ತೀರುವ ಸ್ಥಿರ ವೆಚ್ಚ.

ಹಟ್ಟಿ ಚಿನ್ನದ ಗಣಿ ಲಿಂಗಸುಗೂರು ತಾಲೂಕಿನಲ್ಲೇ ಇದೆ. ಆಳದ ಗಣಿಯಲ್ಲಿ ಅದಿರು ತೆಗೆಯಲಿ ಬಿಡಲಿ, ಒಸರುವ ನೀರನ್ನು ಮೇಲೆತ್ತುತ್ತಲೇ ಇರಬೇಕು, ಒಳಗೆ ಗಾಳಿ ಹಾಯಿಸುತ್ತಲೇ ಇರಬೇಕು. ಸ್ಕ್ಯಾನ್ ಯಂತ್ರದ ಹಣೆಬರಹವೂ ಹಾಗೆಯೇ. ಎಂ.ಆರ್.ಐ. ಇದಕ್ಕೆ ಉತ್ತಮ ಉದಾಹರಣೆ. ಅದರಲ್ಲಿ ಕ್ಷ-ಕಿರಣವೇ ಇಲ್ಲ, ಬಲವಾದ ಕಾಂತ ಮತ್ತು ರೇಡಿಯೋ ತರಂಗಗಳ ಆಟ ಅದು. 1.5 ಟೆಸ್ಲಾ ಸಾಮರ್ಥ್ಯದ ಅದರ ಕಾಂತಕ್ಷೇತ್ರ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30 ಸಾವಿರ ಪಟ್ಟು ಹೆಚ್ಚು. ಆ ಕಾಂತದ ತಂತಿಸುರುಳಿಯಲ್ಲಿ ವಿದ್ಯುತ್ತು ಅಡೆತಡೆಯಿಲ್ಲದೆ ಹರಿಯಬೇಕಾದರೆ ಅದನ್ನು ಸುಮಾರು ಮೈನಸ್ 269 ಡಿಗ್ರಿಯಲ್ಲಿ ಇಡಬೇಕು. ಸಾಮಾನ್ಯವಾಗಿ ಇದಕ್ಕೆ ದ್ರವ ಹೀಲಿಯಂ ಬೇಕು. ಭಾನುವಾರವಾಗಲಿ, ಹಬ್ಬವಾಗಲಿ, ಹೊರಗೆ ರಾಯಚೂರು ಜಿಲ್ಲೆಯ ನಲವತ್ತು ಡಿಗ್ರಿಯ ಬಿಸಿಲಿರಲಿ, ತಂಪು ಮಾಡುವ ಯಂತ್ರ ಇಪ್ಪತ್ನಾಲ್ಕು ಗಂಟೆಯೂ ಓಡುತ್ತಲೇ ಇರಬೇಕು.

ಸಿ.ಟಿ. ಯಂತ್ರಕ್ಕೆ ಅಷ್ಟು ಚಳಿ ಬೇಡ. ಆದರೂ ಹವಾನಿಯಂತ್ರಿತ ಕೋಣೆ, ಸೀಸದ ರಕ್ಷಣೆಯ ಬಾಗಿಲು, ವಿದ್ಯುತ್ ಹೋದರೆ ಜನರೇಟರ್, ತರಬೇತಾದ ತಂತ್ರಜ್ಞ ಇವೆಲ್ಲ ಇರಲೇಬೇಕು. ಕ್ಷ-ಕಿರಣದ ಯಂತ್ರ ನಡೆಸಲು 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿಯೂ ಬೇಕು. ಕೊಳವೆಗೆ ಆಯುಷ್ಯದ ಮಿತಿ ಇದೆ. ಅದು ಸುಟ್ಟರೆ ಬದಲಿಸಲು ಲಕ್ಷಗಟ್ಟಲೆ ಹಣ ತೆಗೆದಿಡಬೇಕು.

ಈಗ ಒಂದು ಲೆಕ್ಕ. ಇಲ್ಲಿನ ಅಂಕಿಗಳು ಯಾವ ಒಂದು ಕೇಂದ್ರದವೂ ಅಲ್ಲ, ಭಾಗಾಕಾರ ಸುಲಭವಾಗಲೆಂದು ಹಿಡಿದುಕೊಂಡವು. ಎರಡು ಕೋಟಿ ರೂಪಾಯಿಯ ಸಿ.ಟಿ. ಯಂತ್ರ ಹತ್ತು ವರ್ಷ ಬಾಳುತ್ತದೆ ಎಂದರೆ ವರ್ಷಕ್ಕೆ ಸವಕಳಿ 20 ಲಕ್ಷ. ನಿರ್ವಹಣೆಯ ಒಪ್ಪಂದಕ್ಕೆ 12 ಲಕ್ಷ. ಸಿಬ್ಬಂದಿಯ ಸಂಬಳ 14 ಲಕ್ಷ. ವಿದ್ಯುತ್ತು, ಡೀಸೆಲ್, ಹವಾನಿಯಂತ್ರಣ 8 ಲಕ್ಷ. ಬಾಡಿಗೆ ಮತ್ತು ಇತರೆ 6 ಲಕ್ಷ. ಕೂಡಿದರೆ ವರ್ಷಕ್ಕೆ 60 ಲಕ್ಷ. ವರ್ಷದಲ್ಲಿ 300 ದಿನ ಕೆಲಸವೆಂದರೆ ದಿನಕ್ಕೆ 20,000 ರೂಪಾಯಿ. ಒಬ್ಬ ರೋಗಿಯೂ ಬರದಿದ್ದರೂ ಇಷ್ಟು ಖರ್ಚಾಯಿತು. ಇದರ ಮೇಲೆ ಪ್ರತಿ ಸ್ಕ್ಯಾನಿಗೆ ಫಿಲ್ಮು, ವರದಿಗಳ ಖರ್ಚು 500 ರೂಪಾಯಿ ಎಂದಿರಲಿ.

ಛೇದದ ಮಹಿಮೆ

ದಿನಕ್ಕೆ ಐದೇ ಸ್ಕ್ಯಾನ್ ಆದರೆ ಒಂದಕ್ಕೆ ಬೀಳುವ ಸ್ಥಿರ ವೆಚ್ಚ 4,000 ರೂ. ಅದಕ್ಕೆ 500 ಸೇರಿಸಿದರೆ 4,500 ರೂ.
ಹತ್ತು ಆದರೆ 2,000ಕ್ಕೆ 500 ಸೇರಿ 2,500 ರೂ.
ಇಪ್ಪತ್ತು ಆದರೆ 1,000ಕ್ಕೆ 500 ಸೇರಿ 1,500 ರೂ.
ನಲವತ್ತು ಆದರೆ 500ಕ್ಕೆ 500 ಸೇರಿ 1,000 ರೂ.

ಯಂತ್ರ ಅದೇ, ಚಿತ್ರ ಅದೇ, ತಲೆಯೂ ಅದೇ. ಆದರೆ ಖರ್ಚು 1,000ದಿಂದ 4,500ರವರೆಗೆ ಏರಿ ಇಳಿಯಿತು. ಅಂಶ ಬದಲಾಗಲಿಲ್ಲ, ಛೇದ ಬದಲಾಯಿತು ಅಷ್ಟೆ. “ಒಂದು ಸ್ಕ್ಯಾನಿಗೆ ನಿಜವಾಗಿ ಎಷ್ಟು ಖರ್ಚು?” ಎಂದು ಕೇಳಿದರೆ “ದಿನಕ್ಕೆ ಎಷ್ಟು ಸ್ಕ್ಯಾನ್?” ಎಂದು ಮರುಪ್ರಶ್ನೆ ಹಾಕದೆ ಉತ್ತರ ಹೇಳುವಂತಿಲ್ಲ.

ಸಿಂಧನೂರಿನ ರೈತರಿಗೆ ಇದು ಹೊಸ ಮಾತೇನಲ್ಲ. ಭತ್ತ ಕೊಯ್ಯುವ ಯಂತ್ರದ ಮಾಲೀಕ ಒಂದು ಕಡೆ ಕೊಯ್ಲು ಮುಗಿದೊಡನೆ ಬೆಳೆ ಹಣ್ಣಾಗಿರುವ ಇನ್ನೊಂದು ಸೀಮೆಗೆ ಯಂತ್ರ ಒಯ್ಯುತ್ತಾನೆ. ನಿಂತ ಯಂತ್ರ ಸಾಲ ತೀರಿಸುವುದಿಲ್ಲ ಎಂದು ಅವನಿಗೆ ಗೊತ್ತು. ಸ್ಕ್ಯಾನ್ ಯಂತ್ರಕ್ಕೆ ಆ ಅನುಕೂಲ ಇಲ್ಲ. ಅದು ಕೂತಲ್ಲೇ ಕೂತಿರುತ್ತದೆ. ರೋಗಿಯೇ ಅದರ ಹತ್ತಿರ ಬರಬೇಕು.

ಈ ಭಾಗಾಕಾರ ಇಡೀ ರಾಜ್ಯದ ಮುಂದೆ ಬಂದದ್ದು ಕೋವಿಡ್ ಎರಡನೇ ಅಲೆಯ ಹೊತ್ತಿನಲ್ಲಿ. ಎದೆಯ ಸಿ.ಟಿ. ಸ್ಕ್ಯಾನಿಗೆ ಮನಬಂದಂತೆ ಹಣ ಕೇಳುತ್ತಾರೆಂಬ ದೂರು ಹೆಚ್ಚಿದಾಗ 2021ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಖಾಸಗಿ ಕೇಂದ್ರಗಳಿಗೆ 1,500 ರೂಪಾಯಿಯ ಮಿತಿ ಹಾಕಿತು. ಡಿಜಿಟಲ್ ಎಕ್ಸ್‌ರೇಗೆ 250 ರೂಪಾಯಿ. ಕೆಲವೇ ದಿನಗಳಲ್ಲಿ ಆದೇಶವನ್ನು ಬದಲಿಸಿ, ಬಿಪಿಎಲ್ ಕಾರ್ಡಿನವರಿಗೆ 1,500, ಉಳಿದವರಿಗೆ 2,500 ರೂಪಾಯಿ ಎಂದು ಗೊತ್ತುಮಾಡಲಾಯಿತು.

ಆಗ ಎರಡು ಮಾತು ಕೇಳಿಬಂದವು. ಇಷ್ಟು ಕಡಿಮೆಗೆ ಮಾಡಲಾಗದು ಎಂಬುದು ಕೇಂದ್ರಗಳ ಮಾತು. ಇದೂ ಹೆಚ್ಚೇ ಎಂಬುದು ಜನರ ಮಾತು. ಮೇಲಿನ ಲೆಕ್ಕ ನೋಡಿದರೆ ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ ಎಂದು ತಿಳಿಯುತ್ತದೆ. ದಿನಕ್ಕೆ ನಲವತ್ತು ಸ್ಕ್ಯಾನ್ ನಡೆಯುವ ನಗರದ ಕೇಂದ್ರಕ್ಕೆ 1,500ರಲ್ಲೂ ಲಾಭ ಉಂಟು. ದಿನಕ್ಕೆ ಐದು ನಡೆಯುವ ಸಣ್ಣ ಊರಿನ ಕೇಂದ್ರಕ್ಕೆ 2,500ರಲ್ಲೂ ನಷ್ಟವೇ. ಒಂದೇ ದರ ಎಲ್ಲರಿಗೂ ಸರಿಹೊಂದುವುದು ಕಷ್ಟ.

ಎರಡನೇ ಯಂತ್ರ ಬಂದಾಗ

ಈಗ ಒಂದು ವಿಚಿತ್ರ ನೋಡಿ. ಒಂದು ಊರಿನಲ್ಲಿ ಒಂದೇ ಸಿ.ಟಿ. ಇದೆ, ದಿನಕ್ಕೆ ಇಪ್ಪತ್ತು ರೋಗಿಗಳು ಬರುತ್ತಾರೆ, ಖರ್ಚು ತಲಾ 1,500 ಎಂದಿಟ್ಟುಕೊಳ್ಳಿ. ಎದುರಿನ ರಸ್ತೆಯಲ್ಲಿ ಇನ್ನೊಂದು ಯಂತ್ರ ಬಂತು. ಸಂತೆಯಲ್ಲಾದರೆ ಎರಡನೇ ಅಂಗಡಿ ತೆರೆದೊಡನೆ ಬದನೆಕಾಯಿಯ ಬೆಲೆ ಇಳಿಯುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಇಪ್ಪತ್ತು ರೋಗಿಗಳು ಹತ್ತು–ಹತ್ತಾಗಿ ಹಂಚಿಹೋದರೆ ಇಬ್ಬರಿಗೂ ಖರ್ಚು 2,500 ರೂಪಾಯಿಗೆ ಏರುತ್ತದೆ!

ಹಾಗಾದರೆ ಇಬ್ಬರೂ ಏನು ಮಾಡಬಹುದು? ಛೇದವನ್ನು ದೊಡ್ಡದು ಮಾಡಬೇಕು, ಅಂದರೆ ರೋಗಿಗಳನ್ನು ತಮ್ಮ ಕಡೆ ತರಬೇಕು. ಆದರೆ ಯಾವ ಕೇಂದ್ರಕ್ಕೆ ಹೋಗಬೇಕು, ಸ್ಕ್ಯಾನ್ ಬೇಕೋ ಬೇಡವೋ ಎಂದು ಹೆಚ್ಚಾಗಿ ತೀರ್ಮಾನಿಸುವವರು ರೋಗಿಯಲ್ಲ, ಚೀಟಿ ಬರೆಯುವ ವೈದ್ಯರು. ದಲಾಲಿ ಎಂಬ ಕೆಟ್ಟ ಪದ್ಧತಿ ನುಸುಳಲು ಬಾಗಿಲು ಇದೇ. ಹೀಗೆ ರೋಗಿಯನ್ನು ಕಳಿಸಿದ್ದಕ್ಕೆ ವೈದ್ಯರು ದಲಾಲಿ ಕೊಡುವುದನ್ನೂ ಪಡೆಯುವುದನ್ನೂ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನೀತಿ ನಿಯಮಗಳು ಸ್ಪಷ್ಟವಾಗಿ ನಿಷೇಧಿಸಿವೆ. ಅಂಥ ಹಣ ಎಲ್ಲಿಯಾದರೂ ಕೈಬದಲಾದರೆ ಅದು ರಸೀದಿಯಲ್ಲಿ ಕಾಣುವುದಿಲ್ಲ. ಆದರೆ ಅದನ್ನು ತುಂಬುವವನು ರೋಗಿಯೇ. ಪ್ರಾಮಾಣಿಕ ವೈದ್ಯರೂ ಕೇಂದ್ರಗಳೂ ಬೇಕಾದಷ್ಟಿರುವಾಗ ಇಂಥ ಪದ್ಧತಿ ಅವರಿಗೂ ಅನ್ಯಾಯ ಮಾಡುತ್ತದೆ.

ಖರ್ಚು ಇಳಿಸಲು ನೇರವಾದ ದಾರಿಗಳೂ ಇವೆ. ಚಿತ್ರ ತೆಗೆಯುವ ಊರಿನಲ್ಲೇ ಅದನ್ನು ಓದುವ ತಜ್ಞರು ಇರಬೇಕೆಂದಿಲ್ಲ. 2002ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಸಂಸ್ಥೆಯವರು ಅಮೆರಿಕದಲ್ಲಿ ರಾತ್ರಿಯಾದಾಗ ಅಲ್ಲಿನ ಆಸ್ಪತ್ರೆಗಳ ಚಿತ್ರಗಳನ್ನು ಇಲ್ಲಿಯ ಹಗಲಿನಲ್ಲಿ ಓದಿ ವರದಿ ಕಳಿಸತೊಡಗಿದರು. ಸಮುದ್ರ ದಾಟಿ ಬರುವ ಚಿತ್ರ ಲಿಂಗಸುಗೂರಿನಿಂದ ಬೆಂಗಳೂರಿಗೆ ಹೋಗಲಾರದೆ? ಯಂತ್ರದ ಬೆಲೆಯ ವಿಷಯದಲ್ಲೂ ಪ್ರಯತ್ನ ನಡೆದಿದೆ. ಬೆಂಗಳೂರಿನ ವೋಕ್ಸೆಲ್‌ಗ್ರಿಡ್ಸ್ ಸಂಸ್ಥೆ ರೂಪಿಸಿದ 1.5 ಟೆಸ್ಲಾದ ಸ್ವದೇಶಿ ಎಂ.ಆರ್.ಐ. ಯಂತ್ರವನ್ನು 2023ರಲ್ಲಿ ಬಿಡುಗಡೆ ಮಾಡಲಾಯಿತು.

ರೋಗಿಯ ಕಡೆಯ ಲೆಕ್ಕ

ಇಲ್ಲಿಯವರೆಗೆ ನೋಡಿದ್ದು ಯಂತ್ರದವರ ಖರ್ಚು. ಬಸ್ ನಿಲ್ದಾಣದಲ್ಲಿ ಕೂತ ತಾಯಿಯ ಖರ್ಚು ಬೇರೆಯೇ ಇದೆ. ಅದು ರಸೀದಿಯಲ್ಲಿ ಬರುವುದಿಲ್ಲ.

ಮಸ್ಕಿ ಹತ್ತಿರದ ಹಳ್ಳಿಯ ಈ ತಾಯಿಗೆ ಎರಡು ದಾರಿ ಎಂದುಕೊಳ್ಳಿ. ಒಂದು, ಸಿಂಧನೂರಿನಲ್ಲಿ 2,500 ರೂಪಾಯಿ ಕೊಟ್ಟು ಸ್ಕ್ಯಾನ್. ಇನ್ನೊಂದು, ದೂರದ ಜಿಲ್ಲಾ ಕೇಂದ್ರದಲ್ಲಿ ಉಚಿತವಾಗಿ. ಎರಡೂ ಕಡೆ ಜೊತೆಗೆ ಹಿರಿಯ ಮಗ ಹೋಗುತ್ತಾನೆ. ಇಬ್ಬರೂ ಕೂಲಿ ಮಾಡುವವರು. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಗೆ ನಿಗದಿಯಾದ ದಿನಗೂಲಿ 370 ರೂಪಾಯಿ. ಅದನ್ನೇ ಅಳತೆಗೋಲಾಗಿ ಹಿಡಿದರೆ ಇಬ್ಬರ ಒಂದು ದಿನದ ಕೂಲಿ 740 ರೂಪಾಯಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ತಾಯಿಗೆ ಟಿಕೆಟ್ ಹಣ ಇಲ್ಲ, ಮಗನಿಗೆ ಇದೆ.

ಸಿಂಧನೂರಿನ ದಾರಿ: ಸ್ಕ್ಯಾನಿಗೆ 2,500, ಕೂಲಿ ನಷ್ಟ 740, ಮಗನ ಬಸ್ಸಿಗೆ 60, ಚಹಾ–ನಾಷ್ಟಾಕ್ಕೆ 100. ಒಟ್ಟು 3,400 ರೂ.

ಉಚಿತದ ದಾರಿ: ಒಂದು ದಿನ ಚೀಟಿ ಮಾಡಿಸಿ ದಿನಾಂಕ ಪಡೆಯಲು, ಒಂದು ದಿನ ಸ್ಕ್ಯಾನಿಗೆ, ಒಂದು ದಿನ ವರದಿಗೆ, ಹೀಗೆ ಮೂರು ಸಲ ಓಡಾಟವಾಯಿತು ಎನ್ನಿ. ಪ್ರತಿ ಸಲ ಕೂಲಿ 740, ಮಗನ ಬಸ್ಸಿಗೆ 300, ಊಟ–ಚಹಾಕ್ಕೆ 200, ಸೇರಿ 1,240. ಮೂರು ಸಲಕ್ಕೆ 3,720 ರೂ.

ಉಚಿತ ಎನ್ನುವುದೇ 320 ರೂಪಾಯಿ ದುಬಾರಿ! ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ನೆನಪಾಗುತ್ತದೆ. ಆದರೆ ಇದರಿಂದ ಸರ್ಕಾರಿ ಆಸ್ಪತ್ರೆ ಬೇಡ ಎಂದು ತಿಳಿಯಬಾರದು. ಲೆಕ್ಕವನ್ನು ಇನ್ನೊಮ್ಮೆ ನೋಡಿ. ಅದೇ ಕೆಲಸ ಒಂದೇ ಓಡಾಟದಲ್ಲಿ ಮುಗಿದಿದ್ದರೆ ಖರ್ಚು ಬರೀ 1,240. ಸಿಂಧನೂರಿನ ದಾರಿಯ ಅರ್ಧವೂ ಅಲ್ಲ. ಎರಡು ಓಡಾಟವಾದರೂ 2,480ಕ್ಕೆ ಮುಗಿಯುತ್ತದೆ. ಹೊರೆಯಾದದ್ದು ಮೂರನೇ ಓಡಾಟ. ಮೊದಲೇ ಫೋನು ಮಾಡಿ ಯಂತ್ರ ನಡೆಯುತ್ತಿದೆಯೇ, ಯಾವ ದಿನ ಬರಬೇಕು, ಯಾವ ಕಾಗದ ತರಬೇಕು, ವರದಿ ಅದೇ ದಿನ ಸಿಗುತ್ತದೆಯೇ ಎಂದು ಕೇಳಿಕೊಂಡು ಹೊರಟರೆ ಉಳಿಯುವುದು ಸಾವಿರಾರು ರೂಪಾಯಿ.

ಇನ್ನೊಂದು ಮಾತು. ಮಗನ ಬದಲು ಆ ಒಂಬತ್ತನೇ ತರಗತಿಯ ಹುಡುಗಿ ಹೋದರೆ? ಅವಳಿಗೂ ಟಿಕೆಟ್ ಇಲ್ಲ, ಕೂಲಿಯ ನಷ್ಟವೂ ಇಲ್ಲ. ಮೂರು ಓಡಾಟದಲ್ಲಿ ಬಸ್ಸಿನ 900, ಕೂಲಿಯ 1,110 ಸೇರಿ 2,010 ರೂಪಾಯಿ ಉಳಿಯಿತು. ಬಹಳ ಮನೆಗಳಲ್ಲಿ ನಡೆಯುವುದು ಹೀಗೆಯೇ. ಆ ಮಂಗಳವಾರ ಅವಳು ಸಮವಸ್ತ್ರದಲ್ಲಿ ಬಸ್ ನಿಲ್ದಾಣದಲ್ಲಿ ಕೂತಿದ್ದಕ್ಕೂ ಇದೇ ಕಾರಣ. ಆದರೆ ತರಗತಿಯಲ್ಲಿ ಆ ದಿನ ಹೇಳಿಕೊಟ್ಟ ಪಾಠವನ್ನು ಯಾವ ಬಾಬತ್ತಿನಲ್ಲಿ ಬರೆಯುವುದು? ಬೀಜಗಣಿತದ ಒಂದು ಮೆಟ್ಟಿಲು ತಪ್ಪಿದರೆ ಮುಂದಿನ ನಾಲ್ಕು ಮೆಟ್ಟಿಲು ಹತ್ತುವುದು ಕಷ್ಟ ಎಂಬುದು ಪಾಲಕರಿಗೆ ಪರೀಕ್ಷೆಯ ಫಲಿತಾಂಶ ಬಂದಾಗಷ್ಟೇ ಗೊತ್ತಾಗುತ್ತದೆ. ಹಣದಲ್ಲಿ ಅಳೆಯಲಾಗದು ಎಂದು ಅದನ್ನು ಸೊನ್ನೆ ಎಂದು ಹಿಡಿಯುವುದು ತಪ್ಪು ಲೆಕ್ಕ.

ಲೆಕ್ಕ ಹಾಕಬಾರದ ಹೊತ್ತು

ಇಷ್ಟೆಲ್ಲ ಲೆಕ್ಕ ಕಾಯಬಹುದಾದ ಕಾಯಿಲೆಗೆ ಮಾತ್ರ. ಒಬ್ಬರ ಬಾಯಿ ಇದ್ದಕ್ಕಿದ್ದಂತೆ ವಾರೆಯಾಯಿತು, ಒಂದು ಕೈ–ಕಾಲು ಸೋತಿತು, ಮಾತು ತೊದಲಿತು ಎಂದರೆ ಅದು ಪಾರ್ಶ್ವವಾಯುವಿನ ಲಕ್ಷಣ. ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿದ್ದರೆ ಅದನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದರೆ ರಕ್ತನಾಳ ಒಡೆದು ರಕ್ತಸ್ರಾವವಾಗಿದ್ದರೆ ಅದೇ ಔಷಧ ಪ್ರಾಣಕ್ಕೆ ಅಪಾಯ. ಎರಡರಲ್ಲಿ ಯಾವುದು ಎಂದು ಹೊರಗಿನಿಂದ ತಿಳಿಯುವುದಿಲ್ಲ, ಸ್ಕ್ಯಾನ್ ಹೇಳಬೇಕು. ಚಿಕಿತ್ಸೆ ಸಿಗದಿದ್ದರೆ ಹೆಪ್ಪು ಸಿಕ್ಕಿದ ಮೆದುಳಿನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ಸಿಂಧನೂರಿನಿಂದ ರಾಯಚೂರು ತೊಂಬತ್ತು ಕಿಲೋಮೀಟರಿನ ಆಸುಪಾಸು. ಎರಡು ಗಂಟೆಯ ದಾರಿ ಎಂದರೂ 120 ನಿಮಿಷ. ಇಂಥ ಹೊತ್ತಿನಲ್ಲಿ ಹತ್ತಿರದ ಯಂತ್ರದ ಬೆಲೆ ಎಷ್ಟು? ದಿನಕ್ಕೆ ಐದೇ ಸ್ಕ್ಯಾನ್ ನಡೆಯುವ ಯಂತ್ರ ಛೇದದ ಲೆಕ್ಕದಲ್ಲಿ ದಂಡ ಅನಿಸಬಹುದು. ಆದರೆ ಅಗ್ನಿಶಾಮಕ ದಳದ ಬಂಡಿ ದಿನವೂ ಓಡುವುದಿಲ್ಲವೆಂದು ಯಾರಾದರೂ ಅದನ್ನು ಮಾರುತ್ತಾರೆಯೇ? ಸಣ್ಣ ಊರಿನ ಸ್ಥಿರ ವೆಚ್ಚವನ್ನು ರೋಗಿಯ ತಲೆಯ ಮೇಲೆ ಹೊರಿಸದೆ ಸರ್ಕಾರ ಹೊರಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ. ತಾಲೂಕು ಆಸ್ಪತ್ರೆಯಲ್ಲಿ ಯಂತ್ರ ಇಡುವುದು ಎಷ್ಟು ಮುಖ್ಯವೋ ಅದು ಕೆಡದೆ ನಡೆಯುವಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ಎಲ್ಲಕ್ಕಿಂತ ದುಬಾರಿ ಸ್ಕ್ಯಾನ್

ಕೊನೆಯ ಬಾಬತ್ತು ವಿಕಿರಣ. ಇದನ್ನು ಮಿಲಿಸೀವರ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಾನಾಗಿಯೇ ಬರುತ್ತದೆ. ಎದೆಯ ಒಂದು ಎಕ್ಸ್‌ರೇಯಿಂದ ಬರುವುದು 0.1 ಅಥವಾ ಅದಕ್ಕೂ ಕಡಿಮೆ. ಹೆದರಬೇಕಾದ್ದಿಲ್ಲ. ಆದರೆ ಎದೆಯ ಸಾಮಾನ್ಯ ಸಿ.ಟಿ.ಯಿಂದ ಬರುವುದು ಐದಾರು ಮಿಲಿಸೀವರ್ಟ್, ಕೆಲವೊಮ್ಮೆ ಇನ್ನೂ ಹೆಚ್ಚು. ಬೇಕಾದಾಗ ಇದರಿಂದಾಗುವ ಲಾಭ ಅಪಾಯಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಬೇಡದಿದ್ದಾಗ ಬರೀ ನಷ್ಟ. ಮಕ್ಕಳ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಅಲ್ಟ್ರಾಸೌಂಡ್ ಮತ್ತು ಎಂ.ಆರ್.ಐ.ಗಳಲ್ಲಿ ಈ ಬಗೆಯ ವಿಕಿರಣ ಇಲ್ಲ.

ವಿಕಿರಣ ಇಲ್ಲದಿದ್ದರೂ ಬೇಡದ ಸ್ಕ್ಯಾನ್ ಬೇಡದ್ದೇ. ಭತ್ತದ ನಾಟಿಯಲ್ಲಿ ದಿನವಿಡೀ ಬಗ್ಗಿ ದುಡಿದ ಸೊಂಟಕ್ಕೆ ನೋವು ಬರುವುದು ಸಹಜ. ಅಪಾಯದ ಲಕ್ಷಣಗಳಿಲ್ಲದ ಸಾಮಾನ್ಯ ಸೊಂಟನೋವಿಗೆ ಮೊದಲ ವಾರದಲ್ಲೇ ಎಂ.ಆರ್.ಐ. ಬೇಕಿಲ್ಲ ಎಂದು ವೈದ್ಯಕೀಯ ಮಾರ್ಗಸೂಚಿಗಳೇ ಹೇಳುತ್ತವೆ. ನೋವೇ ಇಲ್ಲದವರ ಬೆನ್ನನ್ನು ಸ್ಕ್ಯಾನ್ ಮಾಡಿದರೂ ವಯಸ್ಸಾದಂತೆ ಸವೆತ ಕಾಣುತ್ತದೆ. ಅದನ್ನು ನೋಡಿ ಗಾಬರಿಯಾಗಿ ಇನ್ನೊಂದು ಪರೀಕ್ಷೆ, ಮತ್ತೊಂದು ಊರು ಎಂದು ಅಲೆದಾಟ ಶುರುವಾಗುತ್ತದೆ. ಮೂರು ತಿಂಗಳ ಹಿಂದಿನ ಫಿಲ್ಮು ಕಳೆದುಹೋಗಿದೆ ಎಂಬ ಒಂದೇ ಕಾರಣಕ್ಕೆ ಮತ್ತೆ ಮಾಡಿಸುವ ಸ್ಕ್ಯಾನೂ ಇದೇ ಜಾತಿಯದು. 500 ರೂಪಾಯಿಗೆ ಸಿಕ್ಕರೂ ಬೇಡದ ಸ್ಕ್ಯಾನು ದುಬಾರಿಯೇ.

ಪಾಲಕರು ಕೇಳಬೇಕಾದ್ದು

ವೈದ್ಯರಲ್ಲಿ ವಿನಯದಿಂದ ಕೇಳಬಹುದಾದ ಪ್ರಶ್ನೆ ಒಂದೇ: “ಸಾಹೇಬ್ರ, ಈ ಸ್ಕ್ಯಾನಿನಿಂದ ಚಿಕಿತ್ಸೆ ಏನಾದರೂ ಬದಲಾಗತೈತೇನ್ರಿ?” ಹೌದು ಎಂದರೆ ಮಾಡಿಸಬೇಕು. ನೋಡೋಣ ಎಂದರೆ ಕಾಯಬಹುದೇ ಎಂದು ಕೇಳಬೇಕು. ಒಳ್ಳೆಯ ವೈದ್ಯರು ಇದಕ್ಕೆ ಸಿಟ್ಟಾಗುವುದಿಲ್ಲ.

ಕೇಂದ್ರದಲ್ಲಿ ದರಪಟ್ಟಿ ಎಲ್ಲಿದೆ ಎಂದು ನೋಡಬೇಕು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯಿದೆಯ ಪ್ರಕಾರ ದರಗಳನ್ನು ಕಾಣುವಂತೆ ಹಾಕಬೇಕು. ಫಿಲ್ಮು, ವರದಿ, ಬಣ್ಣದ ಚುಚ್ಚುಮದ್ದು ಎಲ್ಲ ಸೇರಿ ಎಷ್ಟು ಎಂದು ಮೊದಲೇ ಕೇಳಿ, ರಸೀದಿ ಪಡೆಯಬೇಕು. ಫಿಲ್ಮಿನ ಜೊತೆಗೆ ಚಿತ್ರಗಳ ಪ್ರತಿಯನ್ನು ಸಿ.ಡಿ.ಯಲ್ಲೋ ಫೋನಿನಲ್ಲೋ ಕೇಳಿ ಇಟ್ಟುಕೊಳ್ಳಬೇಕು. ಬಸಿರಿಯರ ಸ್ಕ್ಯಾನಿನಲ್ಲಿ ಮಗು ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ 1994ರ ಕಾಯಿದೆಯಂತೆ ಅಪರಾಧ. ಅದಕ್ಕೆ ಹಣ ಕೊಡುವ ಮಾತೇ ಬರಬಾರದು.

ವಿದ್ಯಾರ್ಥಿಗಳಿಗೆ ಮನೆಪಾಠ

1. ಮೇಲಿನ ಸಿ.ಟಿ. ಕೇಂದ್ರದ ಲೆಕ್ಕದಲ್ಲಿ ಸಾಲದ ಬಡ್ಡಿಯನ್ನು ಹಿಡಿದಿಲ್ಲ. ವರ್ಷಕ್ಕೆ 9 ಲಕ್ಷ ಬಡ್ಡಿ ಸೇರಿಸಿ. ದಿನಕ್ಕೆ ಹತ್ತು ಸ್ಕ್ಯಾನ್ ಆದರೆ ಒಂದಕ್ಕೆ ಎಷ್ಟು ಬೀಳುತ್ತದೆ? (ಉತ್ತರ: 2,800 ರೂ.)

2. ದಿನದ ಸ್ಕ್ಯಾನುಗಳ ಸಂಖ್ಯೆಯನ್ನು ಅಡ್ಡಗೆರೆಯ ಮೇಲೂ, ತಲಾ ಖರ್ಚನ್ನು ಲಂಬಗೆರೆಯ ಮೇಲೂ ಗುರುತಿಸಿ ನಕ್ಷೆ ಬರೆಯಿರಿ. ಅದು ಸರಳರೇಖೆಯೇ, ವಕ್ರರೇಖೆಯೇ? ಎಷ್ಟೇ ಹೆಚ್ಚು ಸ್ಕ್ಯಾನ್ ಆದರೂ ಖರ್ಚು 500 ರೂಪಾಯಿಗಿಂತ ಕೆಳಗೆ ಏಕೆ ಇಳಿಯುವುದಿಲ್ಲ?

3. ಮನೆಯಲ್ಲಿ ಈ ವರ್ಷ ಯಾರಿಗಾದರೂ ಎಕ್ಸ್‌ರೇ ಅಥವಾ ಸ್ಕ್ಯಾನ್ ಆಗಿದ್ದರೆ ರಸೀದಿಯ ಹಣ, ಬಸ್ಸು, ಊಟ, ಹೋದ ಕೂಲಿ, ತಪ್ಪಿದ ಶಾಲೆಯ ದಿನಗಳು ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆಯಿರಿ. ಹಳೆಯ ಫಿಲ್ಮು, ವರದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಒಂದೇ ಚೀಲದಲ್ಲಿ ಇಡಿ. ಮುಂದಿನ ಸಲ ಆಸ್ಪತ್ರೆಗೆ ಹೊರಟಾಗ ಆ ಚೀಲವನ್ನು ಮರೆಯದೆ ಜೊತೆಗೆ ಒಯ್ಯಿರಿ.